ಓಡುವವರೇ, ಕಾಲು ನೋವಿಗೆ ಆಸ್ಟಿಯೋಪತಿ ಪ್ಯಾಕೇಜ್ ತಗೊಳ್ಳುವ ಮುಂಚೆ ಇದನ್ನು ಓದಿ

ಮೂರು ವಾರದಿಂದ ಕಾಲಿಗೆ ಬೂಟು ಕಟ್ಟಿಕೊಂಡು ಮನೆಯಲ್ಲಿ ಕೂತಿದ್ದೇನೆ. ಬಲಗಾಲಿನ ಮುಂದಿನ ಮೂಳೆಯಲ್ಲಿ ಬಿರುಕು. ಆಸ್ಟಿಯೋಪತಿಗೆ, ಅಂದರೆ ಕೈಯಿಂದ ಮೈ ಒತ್ತಿ, ಕೀಲು ತಿರುಚಿ ಮಾಡುವ ಚಿಕಿತ್ಸೆಗೆ, 18,000 ರೂಪಾಯಿ ಹೋಯ್ತು. ಹೇಳಿಕೊಳ್ಳೋಕೆ ನಾಚಿಕೆಯಾಗುತ್ತೆ. ಆದರೂ ಬರೀತಿದ್ದೇನೆ, ಯಾಕಂದ್ರೆ ಕಬ್ಬನ್ ಪಾರ್ಕಿನಲ್ಲಿ ನನ್ನ ಜೊತೆ ಓಡುವ ಇನ್ನಿಬ್ಬರು ಅದೇ ಆಸ್ಟಿಯೋಪತಿಯವರ ಹತ್ತಿರ ಹೋಗ್ತಿದ್ದಾರೆ.

ಏಪ್ರಿಲ್‌ನ 10ಕೆ ಓಟಕ್ಕೆ ಅಂತ ವಾರಕ್ಕೆ 15 ಕಿಲೋಮೀಟರ್ ಓಡುತ್ತಿದ್ದವಳು ಒಂದೇ ತಿಂಗಳಲ್ಲಿ 35ಕ್ಕೆ ಏರಿಸಿದೆ. ಮಂಡಿಯಿಂದ ಒಂದು ಗೇಣು ಕೆಳಗೆ ನೋವು ಶುರುವಾಯ್ತು. ಆ ಆಸ್ಟಿಯೋಪತಿಯವರ ಹತ್ತಿರ ಹೋದೆ. ಅವರು ಅದನ್ನು ಕೇಳಲೇ ಇಲ್ಲ. ಎಷ್ಟು ಓಡ್ತೀರಾ ಅಂತ ಒಂದು ಸಲವೂ ಕೇಳಲಿಲ್ಲ!

ಮಂಚದ ಮೇಲೆ ಮಲಗಿಸಿದರು. ಎರಡೂ ಕಾಲಿನ ಗಿಣ್ಣು ಜೋಡಿಸಿ, ಹೆಬ್ಬೆರಳು ಇಟ್ಟು, "ನೋಡಿ ಮೇಡಂ, ಬಲಗಾಲು ಒಂದು ಸೆಂಟಿಮೀಟರ್ ಚಿಕ್ಕದು. ಸೊಂಟದ ಮೂಳೆ ಜಾರಿದೆ" ಅಂದರು. ಸೊಂಟ ತಿರುಚಿದರು, ಟಕ್ ಅಂತು. ಮತ್ತೆ ಗಿಣ್ಣು ಜೋಡಿಸಿ ತೋರಿಸಿದರು. "ಈಗ ಸಮ ಆಯ್ತು ನೋಡಿ." ನಾನು ಖುಷಿಯಿಂದ ಹತ್ತು ಸೆಷನ್ನಿಗೂ ಅಲ್ಲೇ ದುಡ್ಡು ಕಟ್ಟಿದೆ. ಆಮೇಲೆ ಮನೆಯಲ್ಲಿ ಮಲಗಿ, ಸೊಂಟ ಸ್ವಲ್ಪ ಓರೆ ಮಾಡಿ ತಂಗಿಗೆ ಕಾಲು ನೋಡು ಅಂದೆ. ಹಾಗೇ ಒಂದು ಕಾಲು ಚಿಕ್ಕದಾಗಿ ಕಾಣುತ್ತೆ, ನೆಟ್ಟಗಾದರೆ ಸಮ ಆಗುತ್ತೆ. ಇಷ್ಟಕ್ಕೆ ಮೋಸ ಹೋದೆನಲ್ಲ ಅಂತ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ನಾಲ್ಕನೇ ಸೆಷನ್ ಹೊತ್ತಿಗೆ ರಾತ್ರಿ ಮಲಗಿದಾಗಲೂ ನೋವು. ಹೇಳಿದೆ. "ದೇಹ ಸರಿ ಹೋಗ್ತಾ ಇದೆ ಮೇಡಂ, ಆಗ ನೋವು ಬರುತ್ತೆ. ಓಟ ನಿಲ್ಲಿಸಬೇಡಿ, ಬಿಗಿ ಆಗುತ್ತೆ." ನಿಲ್ಲಿಸಬೇಡಿ ಅಂದರು. ನಾನೂ ನಿಲ್ಲಿಸಲಿಲ್ಲ.

ಆರನೇ ಸೆಷನ್ ಆದಮೇಲೆ ಮೂಳೆ ಡಾಕ್ಟರ್ ಹತ್ತಿರ ಹೋದೆ. ಅವರ ಮೊದಲ ಪ್ರಶ್ನೆಯೇ "ವಾರಕ್ಕೆ ಎಷ್ಟು ಕಿಲೋಮೀಟರ್? ಯಾವಾಗಿಂದ ಜಾಸ್ತಿ ಮಾಡಿದ್ರಿ?" ಒಂದು ಬೆರಳಿನಿಂದ ಮೂಳೆ ಮೇಲೆ ಒತ್ತುತ್ತಾ ಬಂದರು. ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಜೀವ ಹೋದಂತಾಯ್ತು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಇಂಥ ಸ್ಟ್ರೆಸ್ ಫ್ರಾಕ್ಚರ್ (ಮತ್ತೆ ಮತ್ತೆ ಭಾರ ಬಿದ್ದು ಮೂಳೆಯಲ್ಲಿ ಆಗುವ ಸಣ್ಣ ಬಿರುಕು) ಮೊದಲ ಕೆಲವು ವಾರ ಎಕ್ಸ್‌ರೇಗೆ ಸಿಗದೇ ಇರಬಹುದಂತೆ. ಎಂಆರ್‌ಐನಲ್ಲಿ ಸಿಕ್ಕಿತು. ಇನ್ನೂ ಐದು ವಾರ ಓಟ ಇಲ್ಲ.

ಆಸ್ಟಿಯೋಪತಿಯವರಿಗೆ ಫೋನ್ ಮಾಡಿದರೆ ಏನಂದ್ರು ಗೊತ್ತಾ? "ನಾನು ಓಡಿ ಅನ್ನಲಿಲ್ಲ, ದೇಹದ ಮಾತು ಕೇಳಿ ಅಂದೆ." ದುಡ್ಡು ಕೇಳಿದ್ದಕ್ಕೆ ವಾಟ್ಸಾಪ್‌ನಲ್ಲಿ, "ಉಳಿದ ನಾಲ್ಕು ಸೆಷನ್ ನಿಮ್ಮ ಮನೆಯವರು ಯಾರಾದ್ರೂ ಬಳಸಿಕೊಳ್ಳಿ." ಮನೆಯವರನ್ನೂ ಕಳಿಸಬೇಕಂತೆ! ಹೆಸರಿನ ಮುಂದೆ ಡಾ. ಅಂತ ಇದೆಯಲ್ಲ, ರಿಜಿಸ್ಟ್ರೇಷನ್ ನಂಬರ್ ಕೊಡಿ ಅಂದೆ. "ಇದು ಅಮೆರಿಕದ ಪದ್ಧತಿ ಮೇಡಂ, ಇಲ್ಲಿ ಅದೆಲ್ಲ ಬರಲ್ಲ." ಅಮೆರಿಕದಲ್ಲಿ ಆಸ್ಟಿಯೋಪತಿ ಡಾಕ್ಟರುಗಳು ಪೂರ್ತಿ ವೈದ್ಯಕೀಯ ಓದಿ ಲೈಸೆನ್ಸ್ ತಗೊಂಡವರು. ಬ್ರಿಟನ್ನಿನಲ್ಲಿ ನೋಂದಣಿ ಇಲ್ಲದೆ ಆ ಹೆಸರು ಹಾಕಿಕೊಳ್ಳೋ ಹಾಗೇ ಇಲ್ಲ. ಹಾಗಿದ್ದಮೇಲೆ ಇದೆಂಥ ಉತ್ತರ?

ಬೆನ್ನು ನೋವಿಗೆ ಕೆಲವರಿಗೆ ಹಿತ ಅನಿಸಿರಬಹುದು, ನಾನು ಬೇಡ ಅನ್ನಲ್ಲ. ಆದರೆ ಮೂಳೆಯ ಒಂದೇ ಜಾಗದಲ್ಲಿ ನೋವಿದ್ದರೆ, ರಾತ್ರಿಯೂ ನೋಯುತ್ತಿದ್ದರೆ ಓಟ ನಿಲ್ಲಿಸಿ, ಮೊದಲು ಮೂಳೆ ಡಾಕ್ಟರಿಗೆ ತೋರಿಸಿ. ರಿಜಿಸ್ಟ್ರೇಷನ್ ನಂಬರ್ ಕೇಳಿ. ಪ್ಯಾಕೇಜಿಗೆ ಮುಂಗಡ ಕಟ್ಟಲೇಬೇಡಿ.

ಬಿಲ್ಲು, ಮೆಸೇಜು ಎಲ್ಲ ಇಟ್ಟುಕೊಂಡಿದ್ದೇನೆ. ಗ್ರಾಹಕ ಸಹಾಯವಾಣಿ 1915ಕ್ಕೆ ನಿನ್ನೆ ದೂರು ಕೊಟ್ಟೆ. ನಿಮಗೂ ಹೀಗೇ ಆಗಿದ್ದರೆ ತಿಳಿಸಿ, ಒಟ್ಟಿಗೆ ಹೋಗೋಣ.