ಹಾಸನದಲ್ಲಿ ಆನ್‌ಲೈನ್ ನಕ್ಷೆ ಮಂಜೂರಾತಿ: ಸೇವೆ ಪರವಾಗಿಲ್ಲ, ಕಡತ ಗಟ್ಟಿಯಿರಲಿ

ಮನೆ ಕಟ್ಟಲು ನಗರ ವ್ಯಾಪ್ತಿಯಲ್ಲಿ ಅರ್ಜಿ ಹಾಕುವವರಿಗೆ ಈ ಆನ್‌ಲೈನ್ ಸೇವೆ ನಿಜಕ್ಕೂ ಅನುಕೂಲ. ಕಡತ ಯಾವ ಮೇಜಿನಲ್ಲಿದೆ ಎಂದು ಕೇಳಿಕೊಂಡು ಅಲೆಯಬೇಕಿಲ್ಲ. ಆದರೆ ಅಳತೆಯಲ್ಲಿ ಇದು ಒಂದಿಷ್ಟೂ ರಿಯಾಯಿತಿ ಕೊಡುವುದಿಲ್ಲ.

ಹೆಚ್ಚಿನ ಅರ್ಜಿ ವಾಪಸ್ ಬರುವುದು ಅಡಿ-ಮೀಟರ್ ಗೊಂದಲದಿಂದ. 30x40 ನಿವೇಶನ ಎಂದರೆ 9.14x12.19 ಮೀಟರ್. ಡ್ರಾಫ್ಟ್ಸ್‌ಮನ್ ಅದನ್ನು 9.15x12.20 ಎಂದು ದುಂಡಗೆ ಬರೆದರೆ ವಿಸ್ತೀರ್ಣ ಖಾತೆಗಿಂತ ಹೆಚ್ಚಾಗಿ ಆಕ್ಷೇಪಣೆ ಬೀಳುತ್ತದೆ. ಕ್ರಯಪತ್ರ, ಇ-ಖಾತೆಯ ಫಾರಂ-3, ನಕ್ಷೆ, ಈ ಮೂರರಲ್ಲೂ ಅಳತೆ, ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ ವಿವರ) ಒಂದೇ ಇರಬೇಕು. ಚಕ್ಕುಬಂದಿಯಲ್ಲಿ ಪಕ್ಕದವರ ಹಳೇ ಹೆಸರು ಉಳಿದಿದ್ದರೆ ಮೊದಲೇ ವಿಚಾರಿಸಿಕೊಳ್ಳಿ. ಕಂಪ್ಯೂಟರ್ ಡ್ರಾಯಿಂಗ್‌ನಲ್ಲಿ ಗೋಡೆ, ಬಾಗಿಲಿನಂಥವನ್ನು ಬೇರೆ ಬೇರೆಯಾಗಿ ಇಡುವ ಲೇಯರ್‌ಗಳ ಹೆಸರು ತಪ್ಪಿದರೂ ತಂತ್ರಾಂಶ ಗೋಡೆಯನ್ನೇ ಗುರುತಿಸದು. ನೋಂದಾಯಿತ ಎಂಜಿನಿಯರ್‌ಗೆ ಕೊಡುವ ಫೀಸು ಇಲ್ಲಿ ದಂಡವಲ್ಲ.

ಕಂದಾಯ ಬಾಕಿ ತೀರಿಸಿಯೇ ಅರ್ಜಿ ಹಾಕಿ. ಸ್ವಂತ ವಾಸದ ಮನೆಯ ವೆಚ್ಚ ನಿಗದಿತ ಮಿತಿ ಮೀರಿದರೆ ಶೇ. 1 ಕಾರ್ಮಿಕ ಸೆಸ್ಸೂ ಸೇರುತ್ತದೆ. ಬಜೆಟ್‌ನಲ್ಲಿ ಇದನ್ನು ಮರೆಯುವವರೇ ಜಾಸ್ತಿ.

ರಿಪೇರಿಯವರಿಗೆ: ಬಣ್ಣ, ಟೈಲ್ಸ್, ಗಾರೆಗೆ ಯಾರೂ ನಕ್ಷೆ ಕೇಳುವುದಿಲ್ಲ. ಮೇಲೊಂದು ಅಂತಸ್ತು ಎಬ್ಬಿಸಿದರೆ, ಮನೆ ಸುತ್ತ ಖಾಲಿ ಬಿಡಬೇಕಾದ ಸೆಟ್‌ಬ್ಯಾಕ್ ಜಾಗದಲ್ಲಿ ಬಚ್ಚಲುಮನೆ ಕಟ್ಟಿದರೆ ಮಾತು ಬೇರೆ. ಮಳೆಗೆಂದು ತಾರಸಿಗೆ ಶೀಟ್ ಹೊದಿಸಿ, ಆಮೇಲೆ ಸುತ್ತ ಗೋಡೆ ಎತ್ತಿ ಬಾಡಿಗೆಗೆ ಕೊಡುವ ಯೋಚನೆಯಿದ್ದರೆ ಅದನ್ನೂ ಈಗಲೇ ನಕ್ಷೆಯಲ್ಲಿ ತೋರಿಸಿ.