"ಮಸ್ಟರ್ ರೋಲ್‌ನಿಂದ ಹೆಸರು ಹೊಡೆದು ಹಾಕಿ" ಅನ್ನುವ ಕನ್ಸಲ್ಟೆಂಟ್ ಸಿಕ್ಕರೆ ಹುಷಾರು

ಸಣ್ಣ ಫ್ಯಾಕ್ಟರಿ, ವರ್ಕ್‌ಶಾಪ್, ಗೋಡೌನ್ ನಡೆಸುವವರಿಗೆ ಮತ್ತು ಅಲ್ಲಿ ಆಫೀಸು ನೋಡಿಕೊಳ್ಳುವ ನನ್ನಂಥವರಿಗೆ ಇದನ್ನು ಬರೆಯುತ್ತಿದ್ದೇನೆ. ತಿಂಗಳು ತಿಂಗಳು ಪಿಎಫ್, ಇಎಸ್‌ಐ (ಕೆಲಸಗಾರರ ಆರೋಗ್ಯ ವಿಮೆ) ಚಲನ್ ಕಟ್ಟಿಕೊಡುವ ಕನ್ಸಲ್ಟೆಂಟ್ ಹತ್ತಿರವೇ "ಈ ಕೆಲಸಗಾರನನ್ನು ತೆಗೆಯೋದು ಹೇಗೆ" ಅಂತಲೂ ಕೇಳುತ್ತಿದ್ದೀರಾ? ನಮ್ಮಲ್ಲೂ ಅದೇ ಪದ್ಧತಿ ಇತ್ತು.

ಆರು ವರ್ಷ ಸರ್ವೀಸ್ ಆಗಿದ್ದ ಒಬ್ಬ ಮೆಷಿನ್ ಆಪರೇಟರ್ ಊರಿಗೆ ಹೋದವನು ವಾಪಸ್ ಬರಲಿಲ್ಲ. ಫೋನ್ ಸ್ವಿಚ್ ಆಫ್. ಆರ್ಡರ್ ತುರ್ತಾಗಿತ್ತು, ಯಜಮಾನರಿಗೆ ಸಿಟ್ಟು ಬಂದಿತ್ತು, ಕನ್ಸಲ್ಟೆಂಟ್‌ಗೆ ಫೋನ್ ಹಾಕಿದರು. ಸ್ಪೀಕರ್ ಆನ್ ಇತ್ತು, ನಾನೂ ಅಲ್ಲೇ ಕೂತಿದ್ದೆ. "ಎಂಟು ದಿನ ಹೇಳದೆ ಕೇಳದೆ ಬರಲಿಲ್ಲ ಅಂದ್ರೆ ಅವನೇ ಕೆಲಸ ಬಿಟ್ಟ ಹಾಗೆ ಸಾರ್. ನೋಟಿಸು ಗೀಟಿಸು ಏನೂ ಬೇಡ. ಹೆಸರು ಹೊಡೆದು ಹಾಕಿ, ಪಿಎಫ್ ಪೋರ್ಟಲ್‌ನಲ್ಲಿ ಎಕ್ಸಿಟ್ ಡೇಟ್ ನಾನು ಹಾಕ್ತೀನಿ." ಇದನ್ನೇ ಒಂದು ಇಮೇಲ್‌ನಲ್ಲಿ ಕಳಿಸಿ ಸಾರ್ ಅಂದೆ. "ಇಂಥದ್ದೆಲ್ಲ ಬರವಣಿಗೆಯಲ್ಲಿ ಬೇಡ" ಅಂದರು. ಯಜಮಾನರು ನನ್ನ ಕಡೆ ನೋಡಿ ಸುಮ್ಮನಿರು ಅಂತ ಕೈ ಮಾಡಿದರು.

ಈ ಎಂಟು ದಿನದ ಮಾತು ಗಾಳಿಯಲ್ಲಿ ಹುಟ್ಟಿದ್ದಲ್ಲ. ಸ್ಟ್ಯಾಂಡಿಂಗ್ ಆರ್ಡರ್‌ಗಳಲ್ಲಿ (ಕಂಪನಿಯ ಸೇವಾ ನಿಯಮಗಳು) ಅಂಥದ್ದೊಂದು ಸಾಲು ಇರುತ್ತದೆ, ಅದನ್ನೇ ಅರ್ಧ ಓದಿ ಹೇಳುತ್ತಾರೆ. ಆದರೆ 1993ರಲ್ಲೇ ಸುಪ್ರೀಂ ಕೋರ್ಟ್, ಡಿ.ಕೆ. ಯಾದವ್ ಮತ್ತು ಜೆ.ಎಂ.ಎ. ಇಂಡಸ್ಟ್ರೀಸ್ ನಡುವಿನ ಕೇಸಿನಲ್ಲಿ, ವಿಚಾರಣೆ ಮಾಡದೆ, ಆ ಮನುಷ್ಯನ ಮಾತು ಕೇಳದೆ ಹೀಗೆ ತಾನಾಗಿ ಕೆಲಸ ಹೋಯಿತು ಅನ್ನುವ ಹಾಗಿಲ್ಲ ಅಂತ ಹೇಳಿ, ಅವನನ್ನು ಅರ್ಧ ಹಿಂಬಾಕಿ ಸಂಬಳದ ಜೊತೆ ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಿ ಅಂತ ಆದೇಶ ಮಾಡಿತ್ತು. ಅಲ್ಲೂ ಸ್ಟ್ಯಾಂಡಿಂಗ್ ಆರ್ಡರ್‌ನಲ್ಲಿದ್ದದ್ದು ಅದೇ ಎಂಟು ದಿನ! ಇದನ್ನು ನಮಗೆ ಆಮೇಲೆ ಹೇಳಿದ್ದು ಬೇರೆ ವಕೀಲರು.

ಸರಿ, ಮಸ್ಟರ್ ರೋಲ್‌ನಿಂದ, ಅಂದರೆ ಹಾಜರಿ ಪುಸ್ತಕದಿಂದ, ಹೆಸರು ಹೊಡೆದಾಯಿತು. ಆಮೇಲೆ ಆ ಆಪರೇಟರ್ ಹುಡುಗ ಬಂದ. ಸೊರಗಿ ಹೋಗಿದ್ದ, ಕಣ್ಣು ಇನ್ನೂ ಹಳದಿ. ಕೈಯಲ್ಲಿ ಪ್ಲಾಸ್ಟಿಕ್ ಕವರ್, ಅದರೊಳಗೆ ಇಎಸ್‌ಐ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಸಿಕ್ ಸರ್ಟಿಫಿಕೇಟು. ಗೇಟಿನಿಂದಲೇ ಮತ್ತೆ ಕನ್ಸಲ್ಟೆಂಟ್‌ಗೆ ಫೋನ್ ಹೋಯಿತು. "ಒಳಗೆ ಬಿಡಬೇಡಿ, ಬಿಟ್ರೆ ನಮ್ಮ ಕೇಸ್ ವೀಕ್ ಆಗುತ್ತೆ." ಅವತ್ತು ಅವನನ್ನು ಒಳಗೆ ಬಿಟ್ಟು ಆ ಕಾಗದ ಇಸಿದುಕೊಂಡಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಕೇಸ್ ಅನ್ನೋದೇ ಇರಲಿಲ್ಲ, ವೀಕ್ ಆಗೋದು ಎಲ್ಲಿಂದ?

ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಇಲ್ಲಿ. ಆಗ ಜಾರಿಯಲ್ಲಿದ್ದ 1948ರ ಇಎಸ್‌ಐ ಕಾಯ್ದೆಯ 73ನೇ ಸೆಕ್ಷನ್ ಪ್ರಕಾರ, ಕಾಯಿಲೆ ಭತ್ಯೆ ತೆಗೆದುಕೊಳ್ಳುತ್ತಿರುವ ಕೆಲಸಗಾರನನ್ನು ಆ ಅವಧಿಯಲ್ಲಿ ಕೆಲಸದಿಂದ ತೆಗೆಯುವ ಹಾಗೇ ಇರಲಿಲ್ಲ. ಇಎಸ್‌ಐ ಅನ್ನೇ ಕಸುಬು ಮಾಡಿಕೊಂಡ ಮನುಷ್ಯ, "ಅವನಿಗೆ ಹುಷಾರಿಲ್ವಾ, ಆಸ್ಪತ್ರೆಯಲ್ಲಿದ್ದಾನಾ" ಅಂತ ಒಂದು ಪ್ರಶ್ನೆ ಕೇಳಲಿಲ್ಲ.

ಅವನು ಲೇಬರ್ ಆಫೀಸಿಗೆ ಹೋದ. ಸಂಧಾನಕ್ಕೆ ಬನ್ನಿ ಅಂತ ನಮಗೆ ನೋಟಿಸ್ ಬಂತು. ಹಿಂದಿನ ದಿನ ಸಂಜೆ ಕನ್ಸಲ್ಟೆಂಟ್ ಮೂರು ಪತ್ರ ಟೈಪ್ ಮಾಡಿಸಿಕೊಂಡು ಬಂದರು. "ಕೂಡಲೇ ಕೆಲಸಕ್ಕೆ ಹಾಜರಾಗಿ" ಅಂತ ಮೂರು ಬೇರೆ ಬೇರೆ ತಾರೀಕಿನಲ್ಲಿ, ಎಲ್ಲ ಹಿಂದಿನ ತಾರೀಕು. ನಮ್ಮ ಲೆಟರ್‌ಹೆಡ್ ಮೇಲೇ ಪ್ರಿಂಟು. ಆದರೆ ಅದು ಹೊಸ ಲೆಟರ್‌ಹೆಡ್. ಆ ತಾರೀಕುಗಳಲ್ಲಿ ನಮಗೆ ಇನ್ನೂ ಸಿಕ್ಕೇ ಇಲ್ಲದ ಲ್ಯಾಂಡ್‌ಲೈನ್ ನಂಬರ್ ಕೆಳಗಡೆ ಚೆನ್ನಾಗಿ ಅಚ್ಚಾಗಿತ್ತು. ನಾನು ಅದನ್ನು ಬೆರಳಿಟ್ಟು ತೋರಿಸಿ, ಇದನ್ನು ಫೈಲ್‌ಗೆ ಸೇರಿಸುವುದಿಲ್ಲ ಅಂದೆ. ಸದ್ಯ ಯಜಮಾನರೂ ಅವತ್ತು ನನ್ನ ಕಡೆ ನಿಂತರು. ಮರುದಿನ ಲೇಬರ್ ಆಫೀಸರ್ ಮೊದಲು ಕೇಳಿದ್ದೇ "ಕರೆ ಪತ್ರ ಕಳಿಸಿದ್ದಿರಾ? ರಿಜಿಸ್ಟರ್ಡ್ ಪೋಸ್ಟ್ ರಸೀದಿ ಎಲ್ಲಿ?" ಅಂತ. ಆ ಮೂರು ಪತ್ರ ಕೊಟ್ಟಿದ್ದರೆ ನಮ್ಮ ಗತಿ ಏನಾಗುತ್ತಿತ್ತೋ ಯೋಚಿಸಿ.

ಸಂಧಾನ ಆಗಲಿಲ್ಲ. ಆಗಿನ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಸಂಧಾನಕ್ಕೆ ಅರ್ಜಿ ಕೊಟ್ಟು 45 ದಿನ ದಾಟಿದರೆ ಕೆಲಸಗಾರ ನೇರವಾಗಿ ಲೇಬರ್ ಕೋರ್ಟಿಗೆ ಹೋಗಬಹುದಿತ್ತು, ಹೋದ. ಅವನ ಕಡೆಯವರು ಮೊದಲು ಎತ್ತಿ ತೋರಿಸಿದ್ದು ಪಿಎಫ್ ಪೋರ್ಟಲ್‌ನ ಎಕ್ಸಿಟ್ ಡೇಟ್. ಕಂಪನಿಯೇ ಹಾಕಿದ ತಾರೀಕು, ಅವತ್ತು ಅವನು ವಾರ್ಡಿನಲ್ಲಿ ಮಲಗಿದ್ದ. ನಮ್ಮ ಕನ್ಸಲ್ಟೆಂಟ್ ಮಾತ್ರ ಧೈರ್ಯ ಬಿಡಲಿಲ್ಲ: "ಸೋತರೆ ಹೈಕೋರ್ಟಿಗೆ ಹೋಗೋಣ, ಸ್ಟೇ ಸಿಗುತ್ತೆ." ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಿ ಅನ್ನುವ ಆದೇಶದ ವಿರುದ್ಧ ಹೈಕೋರ್ಟಿಗೆ ಹೋದರೆ, ಅವನಿಗೆ ಬೇರೆ ಕಡೆ ಕೆಲಸ ಇಲ್ಲದಿದ್ದಲ್ಲಿ, ಕೇಸ್ ಮುಗಿಯುವವರೆಗೂ ಅವನು ಕೊನೆಗೆ ಪಡೆಯುತ್ತಿದ್ದ ಸಂಬಳ ಕೊಡುತ್ತಲೇ ಇರಬೇಕಿತ್ತು, ಅದು ಅದೇ ಹಳೆ ಕಾಯ್ದೆಯ 17ಬಿ ಸೆಕ್ಷನ್. ಅದನ್ನು ಅವರು ಬಾಯಿ ಬಿಟ್ಟು ಹೇಳಲಿಲ್ಲ. ಹೊಸ ವಕೀಲರು ಹೇಳಿದ ಮೇಲೆ ಯಜಮಾನರು ರಾಜಿಗೆ ಒಪ್ಪಿದರು. ಹುಡುಗ ವಾಪಸ್ ಬಂದ, ಸರ್ವೀಸ್ ಮುಂದುವರಿಯಿತು, ಬಾಕಿ ದುಡ್ಡೂ ಕೊಟ್ಟೆವು. ಕನ್ಸಲ್ಟೆಂಟ್ ಬಿಲ್ ಕಳಿಸಿದರು! ಕೇಳಿದರೆ, "ನಾನು ಸಲಹೆ ಕೊಟ್ಟೆ, ತೀರ್ಮಾನ ನಿಮ್ಮದು." ಎಲ್ಲ ಫೋನಿನಲ್ಲೇ ನಡೆದದ್ದು, ನಾವು ಏನು ತೋರಿಸೋದು?

ಮಾಡಬೇಕಾಗಿದ್ದದ್ದು ಅಂಥ ದೊಡ್ಡ ಕೆಲಸವೂ ಅಲ್ಲ. ಊರಿನ ವಿಳಾಸಕ್ಕೂ ಇಲ್ಲಿನ ವಿಳಾಸಕ್ಕೂ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕರೆ ಪತ್ರ. ಬರದಿದ್ದರೆ ಆರೋಪ ಪತ್ರ, ಆಮೇಲೆ ಆಂತರಿಕ ವಿಚಾರಣೆ, ಅವನು ಹೇಳುವುದನ್ನು ಬರೆದುಕೊಳ್ಳುವುದು, ಅದಾದ ಮೇಲೆ ಆದೇಶ. ರಗಳೆ ಅನ್ನಿಸುತ್ತದೆ ನಿಜ. ಹಾಗಾಗಿ ಯಾರಾದರೂ ಶಾರ್ಟ್‌ಕಟ್ ಹೇಳಿದರೆ ಯಾವ ಸೆಕ್ಷನ್ ಅಂತ ಕೇಳಿ, ಬರೆದು ಕೊಡಿ ಅನ್ನಿ. ಕೊಡಲ್ಲ ಅಂದರೆ ಆ ಸಲಹೆ ಅಲ್ಲೇ ಬಿಡಿ. ಚಲನ್ ಕೆಲಸ ಅವರೇ ಮಾಡಿಕೊಂಡಿರಲಿ, ಅದರಲ್ಲಿ ಅವರು ಚುರುಕೇ.

ಇದನ್ನು ಈಗ ಬರೆಯಲು ಕಾರಣ ಇದೆ. 2025ರ ನವೆಂಬರ್ 21ರಿಂದ ಹಳೆಯ ಕಾರ್ಮಿಕ ಕಾಯ್ದೆಗಳ ಬದಲು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವಲ್ವಾ, ಅದೇ ಕನ್ಸಲ್ಟೆಂಟ್ ಈಗ ಎಲ್ಲರಿಗೂ ಒಂದು ವಾಟ್ಸಾಪ್ ಮೆಸೇಜ್ ಕಳಿಸುತ್ತಿದ್ದಾರೆ: "300ಕ್ಕಿಂತ ಕಡಿಮೆ ಜನ ಇದ್ದರೆ ಯಾರನ್ನು ಬೇಕಾದರೂ ತೆಗೆಯಬಹುದು." ಆ 300 ಇರುವುದು ರಿಟ್ರೆಂಚ್ ಮಾಡಲು, ಅಂದರೆ ತಪ್ಪೇನೂ ಇಲ್ಲದೆ ಕೆಲಸಗಾರರನ್ನು ಕಡಿತ ಮಾಡಲು, ಬೇಕಾದ ಸರ್ಕಾರದ ಮುಂಚಿನ ಅನುಮತಿಗೆ, ಹಿಂದೆ ಅದು 100 ಇತ್ತು. ಒಂದು ವರ್ಷ ಸತತ ಕೆಲಸ ಮಾಡಿದವನನ್ನು ರಿಟ್ರೆಂಚ್ ಮಾಡಬೇಕಾದರೆ ನಿಮ್ಮಲ್ಲಿ ಹತ್ತೇ ಜನ ಇದ್ದರೂ ಒಂದು ತಿಂಗಳ ನೋಟಿಸ್ ಇಲ್ಲವೇ ಅದರ ಸಂಬಳ, ಜೊತೆಗೆ ಸರ್ವೀಸಿನ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ, ಹಾಗೇ ಇದೆ. ಮೇಲಿಂದ ಬಾಕಿ ಸಂಬಳ ಎರಡು ಕೆಲಸದ ದಿನದೊಳಗೆ ಚುಕ್ತಾ ಮಾಡಬೇಕು. ಆ ಮೆಸೇಜ್ ನಿಮ್ಮ ಯಜಮಾನರ ಫೋನಿಗೂ ಈಗಾಗಲೇ ಬಂದಿರಬಹುದು, ಒಮ್ಮೆ ಕೇಳಿ ನೋಡಿ.