ಬಲ್ಬಿಗಿಂತ ಮೊದಲು ಅರ್ತ್ ನೋಡುವ ಅಂಗಡಿ

ಮದ್ದೂರಿನಿಂದ ಮಳವಳ್ಳಿ ಕಡೆ ಹೋಗುವ ರಸ್ತೆಯಲ್ಲಿ, ಕೆ.ಎಂ. ದೊಡ್ಡಿಗೆ ಸ್ವಲ್ಪ ಮುಂಚೆ ಒಂದು ಆಟೋ ಎಲೆಕ್ಟ್ರಿಕಲ್ ಅಂಗಡಿ ಇದೆ. ಬೋರ್ಡ್ ಇಲ್ಲ. ಬಾಗಿಲಲ್ಲಿ ಹಳೇ ಸ್ಟಾರ್ಟರ್ ಮೋಟಾರು, ಡೈನಮೋ ಸಾಲಾಗಿ ಇಟ್ಟಿರುತ್ತಾರೆ. ಅದೇ ಗುರುತು. ನನ್ನ ಬೊಲೆರೊ ಪಿಕಪ್‌ನ ಹಿಂದಿನ ಲೈಟು, ಕಬ್ಬು ಹೊಡೆಯುವ ಟ್ರ್ಯಾಕ್ಟರ್ ಟ್ರೇಲರಿನ ವೈರಿಂಗು ಎರಡನ್ನೂ ಇಲ್ಲೇ ಮಾಡಿಸಿದೆ. ಕೆಲಸ ಬಹಳ ಚೆನ್ನಾಗಿದೆ. ಕಬ್ಬಿನ ಸೀಸನ್‌ಗೆ ಮುಂಚೆ ನಮ್ಮ ಕಡೆಯವರು ಒಮ್ಮೆ ಇಲ್ಲಿಗೆ ಗಾಡಿ ತರಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಪಿಕಪ್ ವಿಷಯ. ಬ್ರೇಕ್ ಒತ್ತಿದರೆ ಎಡಗಡೆ ಲೈಟು ಮಂಕಾಗಿ ಹತ್ತುತ್ತಿತ್ತು, ಜೊತೆಗೆ ಆ ಕಡೆಯ ಇಂಡಿಕೇಟರೂ ಸಣ್ಣಗೆ ಕೆಂಡದ ಹಾಗೆ ಕಾಣುತ್ತಿತ್ತು. ಇಂಡಿಕೇಟರ್ ಹಾಕಿದರೆ ಟೈಲ್ ಲ್ಯಾಂಪೂ ಅದರ ಜೊತೆ ಮಿಟುಕುತ್ತಿತ್ತು. ಬೇರೆ ಒಂದು ಕಡೆ ತೋರಿಸಿದ್ದೆ. ಅಲ್ಲಿ ಬಲ್ಬ್ ಬದಲಾಯಿಸಿದರು, ಆಮೇಲೆ ಹೋಲ್ಡರ್ ಬದಲಾಯಿಸಿದರು, ಕೊನೆಗೆ ಇಡೀ ವೈರಿಂಗೇ ಹೊಸದು ಹಾಕಬೇಕು ಅಂದರು. ದುಡ್ಡು ಹೋಯಿತು, ಲೈಟು ಹಾಗೇ ಇತ್ತು.

ಇಲ್ಲಿನ ಮೇಸ್ತ್ರಿ ಬಲ್ಬ್ ಮುಟ್ಟಲೇ ಇಲ್ಲ. ಮಲ್ಟಿಮೀಟರಿನ ಒಂದು ಕಡ್ಡಿಗೆ ಉದ್ದನೆಯ ವೈರ್ ಕಟ್ಟಿ ಬ್ಯಾಟರಿಯ ಮೈನಸ್‌ಗೆ ಸಿಕ್ಕಿಸಿದರು. ಇನ್ನೊಂದನ್ನು ಲ್ಯಾಂಪಿನ ಅರ್ತ್ ವೈರಿಗೆ, ಅಂದರೆ ಕರೆಂಟು ವಾಪಸ್ ಹೋಗುವ ವೈರಿಗೆ ಹಿಡಿದು, ‘ಬ್ರೇಕ್ ಒತ್ತಿ ಗೌಡ್ರೇ’ ಅಂದರು. ಮೀಟರ್ ಎರಡು ವೋಲ್ಟ್‌ಗಿಂತ ಜಾಸ್ತಿ ತೋರಿಸಿತು. ‘ಇಲ್ಲಿ ಸೊನ್ನೆ ಹತ್ತಿರ ಇರಬೇಕು. ಪಾಯಿಂಟ್ ಒಂದು, ಪಾಯಿಂಟ್ ಎರಡು ಇದ್ರೆ ಪರವಾಗಿಲ್ಲ. ಇದು ಅರ್ತ್ ಹಿಡೀತಿಲ್ಲ’ ಅಂದರು. ಬ್ಯಾಟರಿಗೆ ವಾಪಸ್ ಹೋಗುವ ದಾರಿ ಕಟ್ಟಿಕೊಂಡಾಗ ಕರೆಂಟು ಪಕ್ಕದ ಬಲ್ಬಿನೊಳಗಿಂದ ನುಗ್ಗಿ ಹೋಗುತ್ತದಂತೆ. ಬ್ರೇಕಿಗೆ ಇಂಡಿಕೇಟರ್ ಹತ್ತುವುದು ಅದಕ್ಕೇ. ಬಲ್ಬ್ ಎಷ್ಟು ಬದಲಾಯಿಸಿದರೂ ಅದು ಹೋಗುವುದಿಲ್ಲ ಅಲ್ವಾ?

ಆಮೇಲೆ ಅವರು ಮಾಡಿದ ಕೆಲಸವನ್ನು ನಾನು ಪಕ್ಕದಲ್ಲೇ ಕೂತು ನೋಡಿದೆ. ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿಗೆ, ಅಂದರೆ ಚಾಸಿಗೆ, ಅರ್ತ್ ಹಾಕಿದ್ದ ಬೋಲ್ಟ್ ಬಿಚ್ಚಿದರೆ ಕೆಳಗೆ ಪೂರಾ ತುಕ್ಕು. ವೈರಿನ ತುದಿಯ ರಿಂಗಿಗೆ ಹಸಿರು ಕಿಲುಬು ಹಿಡಿದಿತ್ತು. ವೈರಿನ ಸಿಪ್ಪೆ ಸುಲಿದರೆ ಒಳಗೆ ತಾಮ್ರ ಕರಿ ತಿರುಗಿತ್ತು. ಫಳಫಳ ಹೊಳೆಯುವ ತಾಮ್ರ ಸಿಗುವ ತನಕ ವೈರ್ ಕತ್ತರಿಸುತ್ತಾ ಹೋದರು. ನಾಲ್ಕು ಬೆರಳಷ್ಟು ಹೋಯಿತು. ಚಾಸಿಯನ್ನು ಎಮರಿ ಪೇಪರ್‌ನಲ್ಲಿ ಬಿಳಿ ಕಬ್ಬಿಣ ಕಾಣುವ ಹಾಗೆ ಉಜ್ಜಿ, ಹಲ್ಲಿರುವ ವಾಷರ್ ಹಾಕಿ ಬಿಗಿ ಮಾಡಿದರು. ಬಿಗಿ ಆದ ಮೇಲೆ ಮೇಲಿಂದ ಪೇಂಟ್ ಬಳಿದರು. ಪೇಂಟ್ ಮೊದಲು ಬಳಿದು ಬೋಲ್ಟ್ ಹಾಕಿದರೆ ಅರ್ತ್ ಹಿಡಿಯುವುದಿಲ್ಲ. ಮತ್ತೆ ಮೀಟರ್ ಹಿಡಿದಾಗ ಪಾಯಿಂಟ್ ಸೊನ್ನೆ ಐದು. ಹಳೇ ಬಲ್ಬೇ ಜೋರಾಗಿ ಉರಿಯಿತು.

ಜಾಯಿಂಟ್ ಎಲ್ಲೂ ಬರೀ ಟೇಪ್ ಸುತ್ತುವುದಿಲ್ಲ. ಸಾಲ್ಡರ್ ಮಾಡಿ, ಬಿಸಿಗೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಸ್ಲೀವ್ ಏರಿಸಿ, ಬಿಸಿ ಮಾಡಿ ಅಂಟಿಸುತ್ತಾರೆ. ಬಿಸಿಲಿಗೆ ಟೇಪಿನ ಅಂಟು ಕರಗಿ, ಮಳೆಗಾಲದಲ್ಲಿ ಒಳಗೆ ನೀರು ನಿಲ್ಲುವುದನ್ನು ಗಾಡಿ ಇಟ್ಟವರೆಲ್ಲ ನೋಡಿರುತ್ತಾರೆ.

ಟ್ರೇಲರಿನದು ದೊಡ್ಡ ಕೆಲಸ. ನಮ್ಮ ಕಡೆ ಸುಮಾರು ಟ್ರೇಲರ್‌ಗಳಿಗೆ ಅರ್ತ್ ವೈರೇ ಇರುವುದಿಲ್ಲ. ಟ್ರ್ಯಾಕ್ಟರಿಗೆ ಸಿಕ್ಕಿಸುವ ಕೊಂಡಿಯ ಕಬ್ಬಿಣದಲ್ಲೇ ಅರ್ತ್ ಬರಲಿ ಅಂತ ಬಿಟ್ಟಿರುತ್ತಾರೆ. ಕೊಂಡಿಗೆ ಗ್ರೀಸ್ ಇರುತ್ತದೆ, ಮಣ್ಣು ಇರುತ್ತದೆ, ಗುಂಡಿಗೆ ಇಳಿದಾಗ ಲೈಟು ಹೋಗಿ ಬರುತ್ತದೆ. ಟ್ರೇಲರಿನ ವೈರಿಂಗನ್ನು ಟ್ರ್ಯಾಕ್ಟರಿಗೆ ಸೇರಿಸುವ ಏಳು ಪಿನ್ನಿನ ಸಾಕೆಟ್‌ನಲ್ಲಿ ಮೂರನೇ ಪಿನ್ ಇರುವುದೇ ಅರ್ತ್‌ಗೆ, ಬಿಳೀ ವೈರು. ಒಂದನೇ ಪಿನ್ ಎಡ ಇಂಡಿಕೇಟರಿಗೆ, ನಾಲ್ಕನೆಯದು ಬಲ ಇಂಡಿಕೇಟರಿಗೆ, ಐದನೆಯದು ಮತ್ತು ಏಳನೆಯದು ಟೈಲ್ ಲ್ಯಾಂಪಿಗೆ, ಆರನೆಯದು ಬ್ರೇಕಿಗೆ. ಇವರು ಟ್ರೇಲರಿನ ಹಿಂದಿನ ತನಕ 2.5 ಚದರ ಮಿಲಿಮೀಟರ್‌ನ ಬೇರೆ ಅರ್ತ್ ವೈರ್ ಎಳೆದರು. ಉಳಿದದ್ದೆಲ್ಲ 1.5.

ಮೊದಲು ಇದ್ದದ್ದು 0.5ರ ವೈರು. ಅದರಲ್ಲಿ ಏನು ತೊಂದರೆ ಅಂತ ಕೇಳಿದ್ದಕ್ಕೆ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದರು. 21 ವ್ಯಾಟಿನ ಎರಡು ಬ್ರೇಕ್ ಬಲ್ಬ್ ಅಂದರೆ 12 ವೋಲ್ಟ್‌ನಲ್ಲಿ ಮೂರೂವರೆ ಆಂಪಿಯರ್. ಎಂಟು ಮೀಟರ್ ಸಣ್ಣ ವೈರಿನಲ್ಲಿ ಅಷ್ಟು ಕರೆಂಟು ಹೋದರೆ ಹತ್ತಿರ ಹತ್ತಿರ ಒಂದು ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಒಂದು ವೋಲ್ಟ್ ಹೋದರೆ ಬಲ್ಬಿನ ಬೆಳಕು ಕಾಲು ಭಾಗ ಕಮ್ಮಿ. ಅರ್ತ್ ವೈರೂ ಸಣ್ಣದಾದರೆ ಇನ್ನೂ ಅಷ್ಟು ಹೋಗುತ್ತದೆ.

ವೈರನ್ನು ಫ್ಲೆಕ್ಸಿಬಲ್ ಪೈಪಿನೊಳಗೆ ಹಾಕಿ ಟ್ರೇಲರಿನ ಕಬ್ಬಿಣದ ಚಾನೆಲ್ ಒಳಗಡೆ ಕಟ್ಟಿದ್ದಾರೆ. ಹೊರಗೆ ಜೋತು ಬಿಟ್ಟರೆ ಗದ್ದೆಯ ಕೂಳೆಗೆ ಸಿಕ್ಕಿ ಕಿತ್ತುಹೋಗುತ್ತದೆ. ಕೊಂಡಿ ಹತ್ತಿರ ಮಾತ್ರ ತಿರುಗಿಸಿದಾಗ ಎಳೆಯದ ಹಾಗೆ ಸಡಿಲ ಬಿಟ್ಟಿದ್ದಾರೆ. ಟ್ರೇಲರಿಗೆ ಬೇರೆ ಫ್ಯೂಸ್ ಕೊಟ್ಟಿದ್ದಾರೆ, ಹಿಂದೆ ಎಲ್ಲಾದರೂ ಶಾರ್ಟ್ ಆದರೆ ಟ್ರ್ಯಾಕ್ಟರಿನ ಲೈಟು ಉಳಿಯುತ್ತದೆ.

ಟ್ರೇಲರಿಗೆ ಪೂರಾ ಸೀಲ್ ಆಗಿರುವ ಎಲ್‌ಇಡಿ ಲ್ಯಾಂಪ್ ಹಾಕಿಸಿದೆ, ಐಪಿ67 ಅಂತ ಬರೆದಿರುವುದು. ಅಂದರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯಬೇಕು. ಪಿಕಪ್‌ಗೂ ಎಲ್‌ಇಡಿ ಬಲ್ಬ್ ಹಾಕಿ ಅಂದಿದ್ದಕ್ಕೆ ಮೇಸ್ತ್ರಿ ಒಪ್ಪಲಿಲ್ಲ. ಹಳೇ ಲೈಟಿನ ಡೂಮಿನೊಳಗಿನ ರಿಫ್ಲೆಕ್ಟರ್ ಮಾಡಿರುವುದು ತಂತಿ ಬಲ್ಬಿಗೆ, ಎಲ್‌ಇಡಿ ತುರುಕಿದರೆ ಬೆಳಕು ಸರಿಯಾಗಿ ಹರಡುವುದಿಲ್ಲ. ಇಂಡಿಕೇಟರಿಗೆ ಹಾಕಿದರೆ ಬಲ್ಬ್ ಹೋಗಿದೆ ಅಂದುಕೊಂಡು ಅದನ್ನು ಮಿಟುಕಿಸುವ ಫ್ಲ್ಯಾಷರ್ ಬೇಗ ಬೇಗ ಬಡಿದುಕೊಳ್ಳುತ್ತದೆ. ವ್ಯಾಪಾರ ಬಿಟ್ಟು ನಿಜ ಹೇಳಿದರು. ನನಗೆ ಅದು ಬಹಳ ಹಿಡಿಸಿತು.

ಇನ್ನೊಂದು ಇದೆ, ಇದನ್ನು ಎಲ್ಲರೂ ಮಾಡಿಸಬೇಕು. ಕಬ್ಬು ತುಂಬಿದ ಮೇಲೆ ಹಿಂದಕ್ಕೆ ಚಾಚಿಕೊಂಡು ಸೋಗೆ ಲೈಟನ್ನೇ ಮುಚ್ಚಿಬಿಡುತ್ತದೆ. ಎಂಥಾ ಲ್ಯಾಂಪ್ ಹಾಕಿದರೂ ಹಿಂದಿನವರಿಗೆ ಕಾಣುವುದಿಲ್ಲ. ಅದಕ್ಕೆ ಒಂದು ಪಟ್ಟಿಯ ಮೇಲೆ ಎರಡು ಎಲ್‌ಇಡಿ ಕೂರಿಸಿ, ಉದ್ದ ವೈರ್ ಕೊಟ್ಟು, ಹೊರೆಯ ಕೊನೆಗೆ ಹಗ್ಗದಲ್ಲಿ ಕಟ್ಟುವ ಹಾಗೆ ಮಾಡಿಕೊಟ್ಟರು. ಕಾರ್ಖಾನೆಯಲ್ಲಿ ಇಳಿಸುವಾಗ ಪ್ಲಗ್ ಕಿತ್ತು ಸೀಟಿನ ಕೆಳಗೆ ಹಾಕಿಕೊಂಡರೆ ಆಯಿತು. ಪಟ್ಟಿಗೆ ಕೆಂಪು ರಿಫ್ಲೆಕ್ಟರ್ ಟೇಪೂ ಅಂಟಿಸಿದ್ದಾರೆ, ಕರೆಂಟು ಹೋದರೂ ಅದು ಹೊಳೆಯುತ್ತದೆ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಟ್ರ್ಯಾಕ್ಟರ್ ಬಿಡುವುದಿಲ್ಲ. ಸರ್ವಿಸ್ ರಸ್ತೆ, ನಾಲೆ ಏರಿ, ಊರಿನ ಒಳರಸ್ತೆಯಲ್ಲೇ ಹೋಗಬೇಕು. ಅಲ್ಲಿ ಕತ್ತಲು. ಹಿಂದಿನಿಂದ ಬೈಕಿನಲ್ಲಿ ಬರುವ ಹುಡುಗರಿಗೆ ನಿಂತ ಟ್ರೇಲರ್ ಕಾಣುವುದು ಹತ್ತಿರ ಬಂದ ಮೇಲೆಯೇ. ನಮ್ಮ ಕಡೆ ಹಾಗೆ ಹೋದ ಜೀವಗಳು ಒಂದೆರಡಲ್ಲ.

ಕೊರತೆಯೂ ಇದೆ. ಕೆಲಸ ನಿಧಾನ. ಮಧ್ಯಾಹ್ನ ಬಿಟ್ಟರೆ ಸಂಜೆಗೆ ಸಿಗುತ್ತದೆ ಅಂದುಕೊಳ್ಳಬೇಡಿ. ಫೋನ್ ಮಾಡಿದರೆ ಎತ್ತುವುದಿಲ್ಲ. ಪ್ರಿಂಟ್ ಬಿಲ್ ಇಲ್ಲ, ಚೀಟಿಯಲ್ಲಿ ಬರೆದು ಕೊಡುತ್ತಾರೆ. ಕೂಲಿಯೂ ಬೇರೆಯವರಿಗಿಂತ ಜಾಸ್ತಿ. ನನಗೆ ಪಿಕಪ್‌ಗೆ 450 ರೂಪಾಯಿ, ಟ್ರೇಲರಿಗೆ ಲ್ಯಾಂಪ್, ವೈರ್, ಸಾಕೆಟ್, ಪಟ್ಟಿ ಎಲ್ಲ ಸೇರಿ 5,200 ಆಯಿತು. ಮಾಡಿದ ಕೆಲಸಕ್ಕೆ ನ್ಯಾಯವಾದ ರೇಟು ಅಂತಲೇ ನಾನು ಹೇಳುವುದು.

ಹೋಗುವವರು ಬೆಳಿಗ್ಗೆಯೇ ಹೋಗಿ. ಟ್ರೇಲರ್ ಒಂದನ್ನೇ ಬಿಟ್ಟು ಬರಬೇಡಿ, ಟ್ರ್ಯಾಕ್ಟರ್ ಜೊತೆಗೇ ಇರಲಿ. ಟ್ರ್ಯಾಕ್ಟರ್ ಕಡೆಯ ಸಾಕೆಟ್ಟೂ ಬಿಚ್ಚಿ ನೋಡದೆ ಅವರು ಕೆಲಸ ಶುರು ಮಾಡುವುದಿಲ್ಲ.